ಸೀಟು, ಬಾಗಿಲು, ಅಂಟು: ಹಗುರ ಬಾಂಬರ್‌ಗಳ ನಷ್ಟದ ಲೆಕ್ಕ ಓದುವ ಬಗೆ

ವಿಮಾನದ ಹುಚ್ಚು ಹತ್ತಿದ ಹುಡುಗ ಹುಡುಗಿಯರು ನಮ್ಮ ಬಸವನ ಬಾಗೇವಾಡಿಯಲ್ಲಿ ವರ್ಷಕ್ಕೆ ನಾಲ್ಕಾರು ಮಂದಿಯಾದರೂ ಸಿಗುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯೂ ಕಡಿಮೆ ಇಲ್ಲ. 1963ರಲ್ಲಿ ವಿಜಯಪುರಕ್ಕೆ ಸೈನಿಕ ಶಾಲೆ ಬಂದ ಮೇಲೆ ಈ ಸೀಮೆಯ ಮನೆಗಳಲ್ಲಿ ಏರ್‌ಫೋರ್ಸ್ ಅಂದರೆ ದೂರದ ಮಾತಲ್ಲ. ಈ ಮಕ್ಕಳು ಯುದ್ಧದ ಪುಸ್ತಕ ಹಿಡಿದರೆ ಮೊದಲು ಕೇಳುವುದು ಒಂದೇ: ‘ಸರ್, ನಮ್ಮವು ಎಷ್ಟು ಬಿದ್ದವು, ಅವರವು ಎಷ್ಟು ಬಿದ್ದವು?’

ಪ್ರಶ್ನೆ ತಪ್ಪಲ್ಲ. ಆದರೆ ಬಿದ್ದ ವಿಮಾನಗಳ ಎಣಿಕೆ ಹಿಡಿದು ಹೊರಟರೆ ಕೈಗೆ ಸಿಗುವುದು ಎಣಿಕೆ ಮಾತ್ರ. ವಿಮಾನ ಯಾಕೆ ಬಿತ್ತು, ಒಳಗಿದ್ದವರಲ್ಲಿ ಯಾರು ಬದುಕಿದರು, ಯಾರು ಬದುಕಲಿಲ್ಲ ಎನ್ನುವುದನ್ನು ತಿಳಿಯಬೇಕಾದರೆ ಶತ್ರುವಿನ ಕಡೆ ನೋಡುವುದಕ್ಕಿಂತ ಮೊದಲು ವಿಮಾನದ ಒಳಗೆ ಇಣುಕಬೇಕು. ಸೀಟು ಎಂಥದು, ಬಾಗಿಲು ಎಲ್ಲಿದೆ, ರೆಕ್ಕೆಯನ್ನು ಯಾವುದರಿಂದ ಅಂಟಿಸಿದ್ದಾರೆ? ಹಗುರ ಬಾಂಬರ್‌ಗಳ ವಿಷಯದಲ್ಲಂತೂ ಅರ್ಧ ಉತ್ತರ ಅಲ್ಲೇ ಇರುತ್ತದೆ. ಈ ವಿಷಯಕ್ಕೆ ಹೊಸಬರಾದವರಿಗಾಗಿ ಎರಡು ವಿಮಾನಗಳನ್ನು ಆರಿಸಿಕೊಂಡಿದ್ದೇನೆ. ಒಂದು ಮಸ್ಕಿಟೊ, ಇನ್ನೊಂದು ಕ್ಯಾನ್‌ಬೆರಾ. ಮೊದಲನೆಯದನ್ನು ಓಡಿಸಲು ಪೈಲಟ್‌ಗಳು ಕಲಿತದ್ದು ನಮ್ಮ ಯಲಹಂಕ, ಕೋಲಾರಗಳಲ್ಲಿ. ಎರಡನೆಯದು ನಮ್ಮ ವಾಯುಪಡೆಯಲ್ಲಿ ಐವತ್ತು ವರ್ಷ ದುಡಿಯಿತು.

ಹಗುರ ಅಂದ ತಕ್ಷಣ ತೂಕ ಕಡಿಮೆ ಎಂದುಕೊಳ್ಳಬೇಡಿ. ತುಂಬಿ ನಿಂತ ಕ್ಯಾನ್‌ಬೆರಾ ಇಪ್ಪತ್ತು ಟನ್ನಿಗೂ ಮೇಲೆ ತೂಗುತ್ತದೆ. ಎರಡನೇ ಮಹಾಯುದ್ಧದ ಲಂಕಾಸ್ಟರ್‌ನಂಥ ಭಾರಿ ಬಾಂಬರ್‌ನಲ್ಲಿ ನಾಲ್ಕು ಎಂಜಿನ್, ಏಳು ಜನ, ಸುತ್ತಲೂ ಮಷಿನ್‌ಗನ್. ಹಗುರ ಬಾಂಬರ್‌ನಲ್ಲಿ ಸಾಮಾನ್ಯವಾಗಿ ಎರಡು ಎಂಜಿನ್, ಇಬ್ಬರು ಅಥವಾ ಮೂವರು ಜನ, ಬಾಂಬಿನ ಹೊರೆಯೂ ಕಡಿಮೆ. ಗನ್ನುಗಳನ್ನೂ ಗನ್ನು ಹಿಡಿದು ಕೂರುವವರನ್ನೂ ಕಬ್ಬಿಣದ ರಕ್ಷಾಫಲಕಗಳನ್ನೂ ತೆಗೆದುಹಾಕಿದರೆ ಉಳಿಯುವ ತೂಕವೆಲ್ಲ ವೇಗವಾಗುತ್ತದೆ. ಶತ್ರುವಿನ ಫೈಟರ್ ಬೆನ್ನು ಹತ್ತುವಷ್ಟರಲ್ಲಿ ಬಾಂಬ್ ಹಾಕಿ ಪಾರಾಗಬೇಕು. ಇಡೀ ವಿನ್ಯಾಸ ನಿಂತಿರುವುದೇ ಈ ಒಂದು ನಂಬಿಕೆಯ ಮೇಲೆ. ವೇಗ ಇರುವವರೆಗೆ ಸರಿ. ಎದುರಿನವರ ಫೈಟರ್ ಇದಕ್ಕಿಂತ ಜೋರಾಗಿ ಓಡತೊಡಗಿದ ದಿನ ಒಳಗೆ ಕೂತವರ ಬಳಿ ಬೇರೆ ರಕ್ಷಣೆ ಏನೂ ಇರುವುದಿಲ್ಲ.

ಈ ಮಾತು ಎಷ್ಟು ಬೇಗ ನಿಜವಾಗಬಲ್ಲದು ಎಂಬುದಕ್ಕೆ ಬ್ರಿಟಿಷರ ಹಗುರ ಬಾಂಬರ್ ಬ್ಲೆನಿಮ್ ಸಾಕ್ಷಿ. 1935ರಲ್ಲಿ ಅದರ ಮೂಲ ಮಾದರಿ ಹಾರಿದಾಗ ಬ್ರಿಟನ್ನಿನ ಆಗಿನ ಫೈಟರ್‌ಗಳನ್ನೇ ಹಿಂದೆ ಹಾಕಿತ್ತು. ಏಳೇ ವರ್ಷ ಕಳೆದು, 1942ರ ಏಪ್ರಿಲ್ 9ರಂದು, ಸಿಲೋನ್ ಬಳಿ ಬಂದಿದ್ದ ಜಪಾನಿ ವಿಮಾನವಾಹಕ ಹಡಗುಗಳ ಮೇಲೆ 11ನೇ ಸ್ಕ್ವಾಡ್ರನ್ನಿನ ಒಂಬತ್ತು ಬ್ಲೆನಿಮ್‌ಗಳು ಎರಗಿದವು. ಬಾಂಬುಗಳು ಅಕಾಗಿ ಎಂಬ ಹಡಗಿನ ಪಕ್ಕದ ನೀರಿಗೆ ಬಿದ್ದವು. ಜಪಾನಿನ ಝೀರೋ ಫೈಟರ್‌ಗಳು ಬೆನ್ನು ಬಿದ್ದವು. ಒಂಬತ್ತರಲ್ಲಿ ಐದು ವಾಪಸ್ ಬರಲಿಲ್ಲ.

ಈಗ ಯಲಹಂಕಕ್ಕೆ ಬನ್ನಿ. ಏರೋ ಇಂಡಿಯಾ ಪ್ರದರ್ಶನಕ್ಕೆ ಹೋಗಿ ಬಂದವರಿಗೆ ಈ ನೆಲ ಗೊತ್ತು. 1944ರ ಆರಂಭದಲ್ಲಿ ಬ್ರಿಟಿಷ್ ವಾಯುಪಡೆ ಇಲ್ಲಿ 1672ನೇ ಮಸ್ಕಿಟೊ ಕನ್ವರ್ಷನ್ ಯೂನಿಟ್ ತೆರೆಯಿತು. ಕನ್ವರ್ಷನ್ ಯೂನಿಟ್ ಅಂದರೆ ಹಾರಾಟದ ಓನಾಮ ಕಲಿಸುವ ಶಾಲೆಯಲ್ಲ. ಹಾರಾಟ ಬಲ್ಲವರೇ ಇಲ್ಲಿಗೆ ಬರುತ್ತಾರೆ, ಹಳೆಯ ವಿಮಾನ ಬಿಟ್ಟು ಹೊಸದಕ್ಕೆ ಕೈ ಪಳಗಿಸಿಕೊಳ್ಳುತ್ತಾರೆ. ಬರ್ಮಾ ಗಡಿಯಲ್ಲಿ ವೆಂಜೆನ್ಸ್ ಎಂಬ ಡೈವ್ ಬಾಂಬರ್ ಓಡಿಸುತ್ತಿದ್ದ ಸ್ಕ್ವಾಡ್ರನ್ನುಗಳನ್ನು ಮಸ್ಕಿಟೊಗೆ ಬದಲಾಯಿಸಬೇಕಿತ್ತು. ಅದಕ್ಕೆ ಯಲಹಂಕ, ಆಮೇಲೆ ಕೋಲಾರ.  

ವೆಂಜೆನ್ಸ್‌ಗೆ ಒಂದೇ ಎಂಜಿನ್, ಮೂಗಿನ ನೇರಕ್ಕೆ. ಮಸ್ಕಿಟೊಗೆ ಎರಡು, ಎಡಬಲದ ರೆಕ್ಕೆಗಳಲ್ಲಿ. ತರಬೇತಿಯ ಅಪಘಾತಗಳು ಯಾಕೆ ಆಗುತ್ತವೆ ಎಂದು ತಿಳಿಯಲು ಈ ಒಂದು ಬದಲಾವಣೆಯನ್ನು ನಿಧಾನವಾಗಿ ಬಿಡಿಸಿ ನೋಡಿದರೆ ಸಾಕು.

ಒಂಟಿ ಎಂಜಿನ್ ನಿಂತರೆ ವಿಮಾನ ನೇರವಾಗಿಯೇ ಕೆಳಗಿಳಿಯುತ್ತದೆ. ಏನು ಮಾಡಬೇಕು ಎನ್ನುವುದರಲ್ಲಿ ಗೊಂದಲವಿಲ್ಲ. ಎರಡರಲ್ಲಿ ಒಂದು ನಿಂತರೆ ಹಾಗಲ್ಲ. ಎಡ ಎಂಜಿನ್ ಸತ್ತಿತು ಅನ್ನಿ. ಬಲ ಎಂಜಿನ್ ಪೂರ್ತಿ ಬಲದಿಂದ ತಳ್ಳುತ್ತಲೇ ಇರುತ್ತದೆ, ವಿಮಾನದ ಮೂಗು ಎಡಕ್ಕೆ ಹೊರಳುತ್ತದೆ. ಪೈಲಟ್ ಬಲಗಾಲಿನಿಂದ ರಡ್ಡರ್ ಪೆಡಲ್ ಒತ್ತಿ ಮೂಗನ್ನು ನೇರಕ್ಕೆ ತರಬೇಕು. ಆದರೆ ಬಾಲದಲ್ಲಿ ಚುಕ್ಕಾಣಿಯಂತಿರುವ ರಡ್ಡರ್ ಕೆಲಸ ಮಾಡುವುದು ಅದರ ಮೇಲೆ ಹಾಯುವ ಗಾಳಿಯಿಂದ. ವೇಗ ಕಡಿಮೆ ಇದ್ದರೆ ಗಾಳಿ ಕಡಿಮೆ, ಗಾಳಿ ಕಡಿಮೆಯಾದರೆ ಎಷ್ಟು ಒತ್ತಿದರೂ ಮೂಗು ತಿರುಗದು. ಎಡ ರೆಕ್ಕೆ ಕೆಳಗೆ ಬೀಳುತ್ತದೆ, ವಿಮಾನ ಮಗುಚಿಕೊಳ್ಳುತ್ತದೆ. ನೆಲ ಬಿಟ್ಟು ಕೆಲವೇ ಸೆಕೆಂಡು ಆಗಿರುವಾಗ ಹೀಗಾದರೆ ಸರಿಪಡಿಸಲು ಎತ್ತರವೇ ಇರುವುದಿಲ್ಲ. ಆ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಮನಸ್ಸಿಗೆ ತೀರಾ ವಿರುದ್ಧವಾದದ್ದು: ಚೆನ್ನಾಗಿ ಓಡುತ್ತಿರುವ ಎಂಜಿನ್ನಿನ ಶಕ್ತಿಯನ್ನೂ ಇಳಿಸಿ, ಎದುರಿಗೆ ಏನಿದೆಯೋ ಅಲ್ಲೇ ನೇರವಾಗಿ ಇಳಿಯುವುದು. ಒಂಟಿ ಎಂಜಿನ್ನಿಗೆ ಪಳಗಿದ ಕೈಗೆ ಇದು ಸುಲಭಕ್ಕೆ ಬರುವುದಿಲ್ಲ.

ಮಸ್ಕಿಟೊದ ಎರಡೂ ಪ್ರೊಪೆಲ್ಲರ್‌ಗಳು ಒಂದೇ ದಿಕ್ಕಿಗೆ ತಿರುಗುತ್ತಿದ್ದುದರಿಂದ ರನ್‌ವೇ ಮೇಲೆ ಓಡುವಾಗಲೇ ಅದು ಎಡಕ್ಕೆ ಎಳೆಯುತ್ತಿತ್ತು. ಎಡ ಎಂಜಿನ್ನಿನ ಶಕ್ತಿ ಏರಿಳಿಸುವ ಥ್ರಾಟಲ್ ಅನ್ನು ಬಲದ್ದಕ್ಕಿಂತ ತುಸು ಮುಂದಿಟ್ಟು ಓಡಿಸಬೇಕು ಎಂಬುದು ಕಲಿಯುವವರಿಗೆ ಹೇಳುತ್ತಿದ್ದ ಮೊದಲ ಪಾಠಗಳಲ್ಲಿ ಒಂದು. ಯಲಹಂಕ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ಗಾಳಿ ತೆಳು, ಬೇಸಿಗೆಯಲ್ಲಿ ಇನ್ನೂ ತೆಳು. ಅದೇ ವಿಮಾನ ಅದೇ ಹೊರೆಯೊಂದಿಗೆ ನೆಲ ಬಿಡಲು ಹೆಚ್ಚು ದೂರ ಓಡಬೇಕಾಗುತ್ತದೆ.

ಅಪಾಯ ಇದೆಯೆಂದು ಗೊತ್ತಿದ್ದ ಮೇಲೆ ಅಭ್ಯಾಸ ಮಾಡಿಸಲೇಬೇಕು. ಶಿಕ್ಷಕ ಬೇಕೆಂದೇ ಒಂದು ಎಂಜಿನ್ ನಿಲ್ಲಿಸುತ್ತಾನೆ, ಶಿಷ್ಯ ನಿಭಾಯಿಸಬೇಕು. ಹೀಗೆ ಅಭ್ಯಾಸ ಮಾಡುವಾಗಲೇ ಎಷ್ಟೋ ಜನ ಸತ್ತರು. ಯುದ್ಧಾನಂತರ ಬ್ರಿಟನ್ನಿನ ಮೀಟಿಯರ್ ಜೆಟ್‌ಗಳಲ್ಲಿ ನಿಜವಾಗಿ ಎಂಜಿನ್ ಕೆಟ್ಟು ಸತ್ತವರಿಗಿಂತ ಕೆಟ್ಟಂತೆ ಅಭಿನಯಿಸುವ ಪಾಠದಲ್ಲಿ ಸತ್ತವರೇ ಹೆಚ್ಚು ಎಂಬ ಮಾತು ಪೈಲಟ್‌ಗಳ ಬಾಯಲ್ಲಿ ಇಂದಿಗೂ ಇದೆ. ಪಾಠ ಹೇಳಿಕೊಂಡು ಬದುಕುವ ನನ್ನಂಥವರಿಗೆ ಈ ಮಾತು ಕೇಳಿದಾಗಲೆಲ್ಲ ಇರಿಸುಮುರಿಸಾಗುತ್ತದೆ.

ಹೊರಬರುವ ದಾರಿಯಾದರೂ ಹೇಗಿತ್ತು? ಮಸ್ಕಿಟೊದಲ್ಲಿ ಪೈಲಟ್ ಎಡಕ್ಕೆ, ನ್ಯಾವಿಗೇಟರ್ ಬಲಕ್ಕೆ, ಭುಜಕ್ಕೆ ಭುಜ ತಾಗುವಷ್ಟು ಇಕ್ಕಟ್ಟಿನಲ್ಲಿ ಕೂರುತ್ತಿದ್ದರು. ಬರ್ಮಾಕ್ಕೆ ಹೆಚ್ಚಾಗಿ ಬಂದ ಆರನೇ ಮಾದರಿಯಲ್ಲಿ ಹತ್ತಿ ಇಳಿಯುವ ಬಾಗಿಲು ಬಲಬದಿಯಲ್ಲಿ, ಒಬ್ಬ ಮನುಷ್ಯ ಮೈ ಮುದುಡಿಕೊಂಡು ತೂರುವಷ್ಟೇ ದೊಡ್ಡದು. ಪಕ್ಕದಲ್ಲೇ ಬಲ ಎಂಜಿನ್ನಿನ ಪ್ರೊಪೆಲ್ಲರ್. ಮೊದಲು ನ್ಯಾವಿಗೇಟರ್ ಹೋಗಬೇಕು, ಅವನು ಹೋದ ಮೇಲೆ ಪೈಲಟ್. ನೆತ್ತಿಯ ಮೇಲೊಂದು ತುರ್ತು ಕಿಂಡಿ ಇತ್ತು. ಆಳನ್ನು ಸೀಟಿನ ಸಮೇತ ಹೊರಗೆ ಚಿಮ್ಮಿಸುವ ಇಜೆಕ್ಷನ್ ಸೀಟು ಇದರಲ್ಲಿ ಇರಲಿಲ್ಲ. ನೆಲದ ಹತ್ತಿರ ಮಗುಚಿಕೊಂಡ ವಿಮಾನದಿಂದ ಈ ಬಾಗಿಲಿನಲ್ಲಿ ಇಬ್ಬರು ಪಾರಾಗುವುದು ಕಾಗದದ ಮೇಲಿನ ಮಾತು.

ಇನ್ನು ಅಂಟಿನ ಕಥೆ. ಮಸ್ಕಿಟೊ ಮರದ ವಿಮಾನ. ಅಲ್ಯೂಮಿನಿಯಂ ಸಿಗದ ಕಾಲದಲ್ಲಿ ಡಿ ಹ್ಯಾವಿಲೆಂಡ್ ಕಂಪನಿ ಬರ್ಚ್ ಮರದ ಎರಡು ಪ್ಲೈವುಡ್ ಹಾಳೆಗಳ ನಡುವೆ ಹಗುರವಾದ ಬಾಲ್ಸಾ ಮರವಿಟ್ಟು ಅಂಟಿಸಿ ಇದರ ಮೈ ಕಟ್ಟಿತು. 1940ರ ನವೆಂಬರ್ 25ರಂದು ಮೊದಲು ಹಾರಿತು, ಒಟ್ಟು 7,781 ತಯಾರಾದವು. ಲೋಹದ ಕೆಲಸಗಾರರ ಬದಲು ಪೀಠೋಪಕರಣದ ಬಡಗಿಗಳು ವಿಮಾನ ಕಟ್ಟಿದರು. ಮೊದಮೊದಲು ಬಳಸಿದ್ದು ಕೇಸೀನ್ ಅಂಟು, ಅಂದರೆ ಹಾಲಿನ ಪ್ರೋಟೀನಿನಿಂದ ತೆಗೆದದ್ದು. ಆಮೇಲೆ ಫಾರ್ಮಾಲ್ಡಿಹೈಡ್ ಮೂಲದ ರಾಸಾಯನಿಕ ಅಂಟಿಗೆ ಬದಲಾಯಿಸಿದರು.

ಮರ ಏನು ಮಾಡುತ್ತದೆ ಎಂದು ನಮ್ಮೂರ ಬಡಿಗೇರರನ್ನು ಕೇಳಿ. ಬೇಸಿಗೆಯಲ್ಲಿ ಲೆಕ್ಕವಾಗಿ ಕೂರಿಸಿದ ಬಾಗಿಲು ಮಳೆಗಾಲದಲ್ಲಿ ಹಿಗ್ಗಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಸಂಕ್ರಾಂತಿ ಹೊತ್ತಿಗೆ ಮತ್ತೆ ಸಡಿಲಾಗುತ್ತದೆ. ಬಂಗಾಳ, ಅಸ್ಸಾಮಿನ ಮಳೆಯಲ್ಲಿ ನೆನೆದು, ಬಿಸಿಲಿಗೆ ಒಣಗಿ, ಬಯಲಲ್ಲೇ ನಿಂತ ಮರದ ರೆಕ್ಕೆಗೂ ಅದೇ ಆಯಿತು ಎಂದು 1944ರಲ್ಲಿ ಬಹಳ ಜನ ನಂಬಿದರು. ನಂಬಲು ಕಾರಣವೂ ಇತ್ತು. ಆ ವರ್ಷ ಭಾರತದಲ್ಲಿ ಹಲವು ಮಸ್ಕಿಟೊಗಳು ಶತ್ರುವಿನ ಗುಂಡು ತಾಗದೆಯೇ ಬಿದ್ದವು. ಯಲಹಂಕದಲ್ಲಿ ಮಸ್ಕಿಟೊಗೆ ಬದಲಾದ 45ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥ, ಆಸ್ಟ್ರೇಲಿಯದ ವಿಂಗ್ ಕಮಾಂಡರ್ ಹಾರ್ಲಿ ಸ್ಟಮ್, 1944ರ ಮೇ ತಿಂಗಳಲ್ಲಿ ಪ್ರಾಣ ಬಿಟ್ಟದ್ದು ಯುದ್ಧದ ಹಾರಾಟದಲ್ಲಲ್ಲ, ಅಭ್ಯಾಸದ ಹಾರಾಟದಲ್ಲಿ. ನವೆಂಬರ್ ಹೊತ್ತಿಗೆ ಭಾರತದಲ್ಲಿದ್ದ ಮಸ್ಕಿಟೊಗಳನ್ನೆಲ್ಲ ಹಾರಿಸದೆ ನಿಲ್ಲಿಸಬೇಕಾಯಿತು.

ತನಿಖೆಗೆ ಇಂಗ್ಲೆಂಡಿನಿಂದ ಬಂದ ತಂಡದ ಮುಖ್ಯಸ್ಥ ಮೇಜರ್ ಹೆರೆವರ್ಡ್ ಡಿ ಹ್ಯಾವಿಲೆಂಡ್. ಹೆಸರನ್ನು ಇನ್ನೊಮ್ಮೆ ಓದಿ. ವಿಮಾನ ಕಟ್ಟಿದ ಕಂಪನಿಯ ಮನೆತನದವರೇ. ಡಿಸೆಂಬರ್ ಮೊದಲಲ್ಲಿ ಅವರು ಕೊಟ್ಟ ವರದಿಯ ಸಾರ: ಅಂಟು ಹಾಳಾಗಿಲ್ಲ, ಮಳೆಗಾಲದ ತೇವದಲ್ಲಿ ಮರದ ಚೌಕಟ್ಟು ಕುಗ್ಗಿದೆ. ಆದರೆ ಆಮೇಲೆ ಬೇರೆಯವರು ನಡೆಸಿದ ತನಿಖೆ ಕಾರ್ಖಾನೆಯ ಕಡೆ ಬೆರಳು ಮಾಡಿತು. ಇಂಗ್ಲೆಂಡಿನಲ್ಲೇ ಇದ್ದ, ಒಂದು ಮುಂಗಾರನ್ನೂ ಕಾಣದ ಮಸ್ಕಿಟೊಗಳನ್ನು ಬಿಚ್ಚಿ ನೋಡಿದರೆ ಅವುಗಳಲ್ಲೂ ಅದೇ ದೋಷ. ಎರಡು ಕಾರ್ಖಾನೆಗಳಲ್ಲಿ ಅಂಟಿಸುವ ಕೆಲಸವೇ ಸರಿಯಾಗಿ ಆಗಿರಲಿಲ್ಲ. ಆದರೂ ಬ್ರಿಟನ್ನಿನ ವಾಯು ಸಚಿವಾಲಯ ಹೊರಗೆ ಹೇಳಿದ್ದು ಮೊದಲಿನ ಮಾತನ್ನೇ: ಬಹುಪಾಲು ಹವಾಮಾನದ ತಪ್ಪು. ವೈಮಾನಿಕರಿಗೆ ವಿಮಾನದ ಮೇಲಿನ ನಂಬಿಕೆ ಹೋಗಬಾರದು ಎಂಬುದು ಕಾರಣ. ಹವಾಮಾನದ ಮೇಲೆ ತಪ್ಪು ಹೊರಿಸುವುದರಲ್ಲಿ ಒಂದು ಅನುಕೂಲ ಇದೆ, ಅದು ಎದುರು ಮಾತಾಡುವುದಿಲ್ಲ. ಕೊನೆಗೆ ರೆಕ್ಕೆಯ ಉದ್ದಕ್ಕೂ ಕೂಡುಗೆರೆಯ ಮೇಲೆ ಪ್ಲೈವುಡ್ಡಿನ ಪಟ್ಟಿಯೊಂದನ್ನು ಅಂಟಿಸಿ ನೀರು ಒಳಗಿಳಿಯದಂತೆ ಮಾಡಿದರು. ಮಸ್ಕಿಟೊಗಳು ಮತ್ತೆ ಹಾರಿದವು, ಬರ್ಮಾ ಯುದ್ಧದ ಕೊನೆಯವರೆಗೂ ಹಾರಿದವು.

ಇಲ್ಲಿ ನಷ್ಟದ ಪಟ್ಟಿ ಏನು ಹೇಳುತ್ತದೆ? ಈ ಸಾವುಗಳು ‘ಯುದ್ಧದ ನಷ್ಟ’ ಎಂಬ ಅಂಕಣಕ್ಕೆ ಬರುವುದಿಲ್ಲ, ‘ಅಪಘಾತ’ದ ಅಂಕಣಕ್ಕೆ ಹೋಗುತ್ತವೆ. ಬ್ರಿಟನ್ನಿನ ಬಾಂಬರ್ ಕಮಾಂಡ್ ಒಂದರಲ್ಲೇ ಆ ಯುದ್ಧದಲ್ಲಿ 55,573 ವೈಮಾನಿಕರು ಸತ್ತರು. ಅವರಲ್ಲಿ 8,000ಕ್ಕೂ ಹೆಚ್ಚು ಮಂದಿ ಶತ್ರುವಿನ ಮುಖವನ್ನೇ ನೋಡಲಿಲ್ಲ. ತರಬೇತಿಯಲ್ಲಿ, ಪರೀಕ್ಷಾ ಹಾರಾಟದಲ್ಲಿ, ನೆಲದ ಮೇಲಿನ ಅವಘಡಗಳಲ್ಲಿ ಹೋದರು. ಯುದ್ಧ ಇಲ್ಲದಿದ್ದರೆ ಇಪ್ಪತ್ತು ವರ್ಷದ ಹುಡುಗರನ್ನು ಅಷ್ಟು ಅವಸರದಲ್ಲಿ ಅಂಥ ಯಂತ್ರಗಳಲ್ಲಿ ಕೂರಿಸುತ್ತಿರಲಿಲ್ಲ. ಹಾಗಾಗಿ ಎರಡೂ ಅಂಕಣಗಳನ್ನು ಒಟ್ಟಿಗಿಟ್ಟು ಓದಬೇಕು ಎನ್ನುವವರ ಪಕ್ಷ ನನ್ನದು. ಇತಿಹಾಸಕಾರರಲ್ಲಿ ಇದನ್ನು ಒಪ್ಪದವರೂ ಇದ್ದಾರೆ.

ಕ್ಯಾನ್‌ಬೆರಾ ಮಸ್ಕಿಟೊದ ಕೆಲಸಕ್ಕೇ ಬಂದ ಜೆಟ್. ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯದು, 1949ರ ಮೇ 13ರಂದು ಮೊದಲ ಹಾರಾಟ. ರೋಲ್ಸ್‌ರಾಯ್ಸ್‌ನ ಎರಡು ಏವನ್ ಎಂಜಿನ್, ಅಗಲವಾದ ರೆಕ್ಕೆ. ಆ ಕಾಲದ ಫೈಟರ್‌ಗಳಿಗೆ ನಿಲುಕದ ಎತ್ತರದಲ್ಲಿ ಹಾರುತ್ತಿತ್ತು. ವೇಗದ ಮೇಲಿದ್ದ ನಂಬಿಕೆಗೆ ಈಗ ಎತ್ತರವೂ ಸೇರಿತು. ಭಾರತ 1957ರ ಜನವರಿಯಲ್ಲಿ ಇದನ್ನು ಕೊಳ್ಳಲು ತೀರ್ಮಾನಿಸಿತು: 54 ಬಾಂಬರ್‌ಗಳು, ಫೋಟೊ ತೆಗೆಯುವ 8 ವಿಮಾನಗಳು, ತರಬೇತಿಗೆ 6. ಬಾಂಬರ್ ಮಾದರಿಯ ಹೆಸರು ಬಿ(ಐ)58, ಫೋಟೊ ಮಾದರಿಯದು ಪಿಆರ್57. ಈ ಎರಡು ಸಂಖ್ಯೆಗಳನ್ನು ನೆನಪಿಡಿ. ಪೈಲಟ್‌ಗಳನ್ನು ಪಳಗಿಸಲು ಆಗ್ರಾದಲ್ಲಿ ಜೆಟ್ ಬಾಂಬರ್ ಕನ್ವರ್ಷನ್ ಯೂನಿಟ್ ಇತ್ತು. ಯಲಹಂಕದಲ್ಲಿ ಹೇಳಿಕೊಟ್ಟ, ಒಂದು ಎಂಜಿನ್ ನಿಂತರೆ ನಿಭಾಯಿಸುವ ಪಾಠವೇ ಅಲ್ಲೂ ಮುಖ್ಯ ಪಾಠ, ಅಲ್ಲೂ ಅದೇ ಭಯ. ವಿಮಾನಗಳ ಓವರ್‌ಹಾಲ್ ಕೆಲಸ ಬೆಂಗಳೂರಿನ ಎಚ್‌ಎಎಲ್‌ಗೆ ಬಂತು.

58ರಲ್ಲಿ ಪೈಲಟ್ ಫೈಟರ್ ವಿಮಾನದಲ್ಲಿರುವಂಥ ಗಾಜಿನ ಗೂಡಿನ ಕೆಳಗೆ ಕೂರುತ್ತಾನೆ. ಆ ಗೂಡು ಮೈಯ ನಡುಮಧ್ಯದಲ್ಲಿಲ್ಲ, ಎಡಕ್ಕೆ ಸರಿದಿದೆ. ಪೈಲಟ್‌ಗೆ ಇಜೆಕ್ಷನ್ ಸೀಟು ಇದೆ. ಹಿಡಿಕೆ ಎಳೆದರೆ ಸೀಟಿನ ಸಮೇತ ಹೊರಗೆ ಚಿಮ್ಮುತ್ತಾನೆ. ನ್ಯಾವಿಗೇಟರ್ ಇರುವುದು ಅವನ ಮುಂದೆ ಕೆಳಗೆ, ಮೂಗಿನ ಒಳಗೆ. ಅಲ್ಲಿ ಅವನಿಗೆ ನಕ್ಷೆಯ ಮೇಜಿದೆ. ಬಾಂಬ್ ಹಾಕುವ ಹೊತ್ತಿಗೆ ಮುಂದೆ ತೆವಳಿ ಹೊಟ್ಟೆಯ ಮೇಲೆ ಮಲಗಿ ಗಾಜಿನ ಮೂಗಿನಿಂದ ಗುರಿ ನೋಡುತ್ತಾನೆ. ಅವನಿಗೆ ಇಜೆಕ್ಷನ್ ಸೀಟು ಇಲ್ಲ. ವಿಮಾನಕ್ಕೆ ಏಟು ಬಿದ್ದರೆ ಅವನು ಪ್ಯಾರಾಶೂಟು ಸಿಕ್ಕಿಸಿಕೊಂಡು, ಬಲಬದಿಯ ಬಾಗಿಲನ್ನು ಕಿತ್ತೆಸೆದು, ತಾನೇ ಹೊರಗೆ ಹಾರಬೇಕು. ವಿಮಾನ ನೇರವಾಗಿ, ಸಾಕಷ್ಟು ಎತ್ತರದಲ್ಲಿ ಹಾರುತ್ತಿದ್ದರೆ ಇದು ಆಗುವ ಕೆಲಸ. ಗಿರಕಿ ಹೊಡೆಯುತ್ತಿದ್ದರೆ, ನೆಲ ಹತ್ತಿರ ಇದ್ದರೆ ಹೇಗೆ ಎಂದು ನೀವೇ ಯೋಚಿಸಿ. ಫೋಟೊ ತೆಗೆಯುವ 57ರಲ್ಲಿ ಇಬ್ಬರಿಗೂ ಇಜೆಕ್ಷನ್ ಸೀಟು ಇತ್ತು. ಒಂದೇ ಹೆಸರಿನ ಎರಡು ವಿಮಾನ, ನ್ಯಾವಿಗೇಟರ್‌ನ ಪಾಲಿಗೆ ಬೇರೆ ಬೇರೆ.

ಇದನ್ನು ತಲೆಯಲ್ಲಿಟ್ಟುಕೊಂಡು ಎರಡು ಘಟನೆ ಓದಿ. 1959ರ ಏಪ್ರಿಲ್ 10, ಈದ್ ದಿನ. 106ನೇ ಸ್ಕ್ವಾಡ್ರನ್ನಿನ ಪಿಆರ್57 ಒಂದನ್ನು ರಾವಲ್ಪಿಂಡಿಯ ಮೇಲೆ ಪಾಕಿಸ್ತಾನದ ಸೇಬರ್ ವಿಮಾನ ಹೊಡೆದು ಬೀಳಿಸಿತು. ಸ್ಕ್ವಾಡ್ರನ್ ಲೀಡರ್ ಜೆ.ಸಿ. ಸೇನ್‌ಗುಪ್ತ, ನ್ಯಾವಿಗೇಟರ್ ಫ್ಲೈಟ್ ಲೆಫ್ಟಿನೆಂಟ್ ಎಸ್.ಎನ್. ರಾಂಪಾಲ್, ಇಬ್ಬರೂ ಸೀಟಿನೊಂದಿಗೆ ಚಿಮ್ಮಿ ಬದುಕಿದರು, ಆಮೇಲೆ ಭಾರತಕ್ಕೆ ಮರಳಿದರು. 1965ರ ಭಾರತ-ಪಾಕ್ ಯುದ್ಧದಲ್ಲಿ, ಸೆಪ್ಟೆಂಬರ್ 21ರ ರಾತ್ರಿ, ಪಾಕಿಸ್ತಾನದ ಸರ್ಗೋಧಾ ಕಡೆ ಹೋಗಿದ್ದ 5ನೇ ಸ್ಕ್ವಾಡ್ರನ್ನಿನ ಬಿ(ಐ)58 ಒಂದನ್ನು ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಕ್ಷಿಪಣಿಯಿಂದ ಉರುಳಿಸಿತು. ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಎಂ.ಎಂ. ಲೋವ್ ಇಜೆಕ್ಟ್ ಆಗಿ ಸೆರೆ ಸಿಕ್ಕರು. ನ್ಯಾವಿಗೇಟರ್ ಫ್ಲೈಯಿಂಗ್ ಆಫೀಸರ್ ಕೆ.ಕೆ. ಕಪೂರ್ ಬದುಕಲಿಲ್ಲ. ಎರಡನ್ನೂ ಪಟ್ಟಿಯಲ್ಲಿ ‘ಕ್ಯಾನ್‌ಬೆರಾ, ಒಂದು’ ಎಂದೇ ಬರೆದಿರುತ್ತಾರೆ.

ಎದುರು ಪಕ್ಷದಲ್ಲೂ ಇದೇ ವಿಮಾನ ಇತ್ತು ಎನ್ನುವುದು ಹೊಸಬರಿಗೆ ಆಶ್ಚರ್ಯ. ಅಮೆರಿಕದ ಮಾರ್ಟಿನ್ ಕಂಪನಿ ಲೈಸೆನ್ಸ್ ಪಡೆದು ಬಿ-57 ಎಂಬ ಹೆಸರಿನಲ್ಲಿ ಕ್ಯಾನ್‌ಬೆರಾ ಕಟ್ಟಿತು, ಪಾಕಿಸ್ತಾನಕ್ಕೆ ಸಿಕ್ಕಿದ್ದು ಅದು. ಅಮೆರಿಕನ್ನರು ಮುಂಭಾಗವನ್ನೇ ಬದಲಾಯಿಸಿದ್ದರು. ಒಂದೇ ಉದ್ದನೆಯ ಗಾಜಿನ ಕೆಳಗೆ ಪೈಲಟ್ ಮುಂದೆ, ನ್ಯಾವಿಗೇಟರ್ ಹಿಂದೆ, ಇಬ್ಬರಿಗೂ ಇಜೆಕ್ಷನ್ ಸೀಟು. 1965ರ ಸೆಪ್ಟೆಂಬರ್ ಮಧ್ಯದಲ್ಲಿ ಆದಂಪುರದ ಮೇಲೆ ಬಂದ ಬಿ-57 ಒಂದು ನಮ್ಮ ವಿಮಾನವಿರೋಧಿ ಗುಂಡಿಗೆ ಬಿದ್ದಾಗ ಇಬ್ಬರೂ ಜೀವಂತವಾಗಿ ಸೆರೆ ಸಿಕ್ಕರು. ನ್ಯಾವಿಗೇಟರ್‌ಗೂ ಸೀಟು ಕೊಡಬಹುದಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 58ರಲ್ಲಿ ಅದನ್ನು ಬಿಟ್ಟದ್ದು ಗೊತ್ತಿದ್ದೇ ಮಾಡಿದ ಆಯ್ಕೆ.

ವಿಮಾನ ನಷ್ಟವೇ ಇಲ್ಲದ ಗೋವಾ ವಿಮೋಚನೆಯ ಯುದ್ಧವನ್ನೂ ನೋಡಬೇಕು. 1961ರ ಡಿಸೆಂಬರ್ 18ರ ಬೆಳಿಗ್ಗೆ ಪುಣೆಯಿಂದ ಹೊರಟ 12 ಕ್ಯಾನ್‌ಬೆರಾಗಳು ವಿಂಗ್ ಕಮಾಂಡರ್ ಎನ್.ಬಿ. ಮೆನನ್ ಮುಂದಾಳುತನದಲ್ಲಿ ಗೋವಾದ ದಾಬೋಲಿಮ್ ರನ್‌ವೇ ಮೇಲೆ ಬಾಂಬ್ ಹಾಕಿದವು. ನಮ್ಮ ಬೆಳಗಾವಿಯ ಸಾಂಬ್ರಾದಿಂದ ಹೋದ ಹಂಟರ್ ಫೈಟರ್‌ಗಳು ಬಾಂಬೋಲಿಮ್ ವೈರ್‌ಲೆಸ್ ಕೇಂದ್ರವನ್ನು ಹೊಡೆದವು. ಎಲ್ಲವೂ ಸುರಕ್ಷಿತವಾಗಿ ಮರಳಿದವು. ಇದರಿಂದ ಕ್ಯಾನ್‌ಬೆರಾ ಅಜೇಯ ಎಂದು ತಿಳಿಯುವಂತಿಲ್ಲ. ಗೋವಾದಲ್ಲಿ ಪೋರ್ಚುಗೀಸರ ಬಳಿ ಫೈಟರ್ ವಿಮಾನವೇ ಇರಲಿಲ್ಲ. ನಾಲ್ಕೇ ವರ್ಷದಲ್ಲಿ, ರಾಡಾರ್ ಮತ್ತು ಕ್ಷಿಪಣಿ ಎರಡೂ ಇದ್ದ ಶತ್ರು ಎದುರಾದಾಗ ಅದೇ ಕ್ಯಾನ್‌ಬೆರಾ ರಾತ್ರಿಯ ಕತ್ತಲೆಯನ್ನು ಆಶ್ರಯಿಸಬೇಕಾಯಿತು.

ಪಟ್ಟಿಗಳ ಬಗ್ಗೆ ಇನ್ನೂ ಒಂದೆರಡು ಮಾತು. 1965ರ ಸೆಪ್ಟೆಂಬರ್ 7ರಂದು ಬಂಗಾಳದ ಕಲೈಕುಂಡಾದಲ್ಲಿ ಸಾಲಾಗಿ ನಿಂತಿದ್ದ ಕ್ಯಾನ್‌ಬೆರಾಗಳನ್ನು ಪಾಕಿಸ್ತಾನಿ ಸೇಬರ್‌ಗಳು ನೆಲದ ಮೇಲೆಯೇ ಸುಟ್ಟವು. ವಿಮಾನದ ಲೆಕ್ಕದಲ್ಲಿ ಇದು ದೊಡ್ಡ ನಷ್ಟ, ಆದರೆ ಆಕಾಶದ ಕಾದಾಟದ ಲೆಕ್ಕಕ್ಕೆ ಬರುವುದಿಲ್ಲ. ಗುಂಡು ತಿಂದು ಕುಂಟುತ್ತ ಬಂದು ನಮ್ಮದೇ ಹೊಲದಲ್ಲಿ ಬಿದ್ದ ವಿಮಾನವನ್ನು ಒಂದು ಪುಸ್ತಕ ಯುದ್ಧದ ನಷ್ಟ ಎಂದರೆ ಇನ್ನೊಂದು ಅಪಘಾತ ಎನ್ನುತ್ತದೆ. ‘ಕಾಣೆ’ ಎಂಬ ಮೂರನೆಯ ಅಂಕಣ ಎಲ್ಲಕ್ಕಿಂತ ಕಷ್ಟದ್ದು. 1971ರ ಯುದ್ಧದಲ್ಲಿ ಕಾಣೆಯಾದ 54 ಮಂದಿಯ ಪಟ್ಟಿಯಲ್ಲಿ ಕ್ಯಾನ್‌ಬೆರಾ ವೈಮಾನಿಕರೂ ಇದ್ದಾರೆ.

ಕಾಣೆಯಾದವರ ಲೆಕ್ಕ ಎಷ್ಟು ತಡವಾಗಿ ತಿದ್ದುಪಡಿಯಾಗಬಹುದು ಎಂಬುದಕ್ಕೆ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಉದಾಹರಣೆ. ಅವರು ಹಾರಿಸುತ್ತಿದ್ದ ಮಿಸ್ಟೇರ್ ಬಾಂಬರ್ ಅಲ್ಲ, ನೆಲದ ಗುರಿಗಳನ್ನು ಹೊಡೆಯುವ ಫೈಟರ್. ಆದರೂ ಇಲ್ಲಿ ಹೇಳಬೇಕು. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದ ಸ್ಕ್ವಾಡ್ರನ್ ಲೀಡರ್ ದೇವಯ್ಯ ಮರಳಲಿಲ್ಲ. ನಮ್ಮ ದಾಖಲೆಯಲ್ಲಿ ಅದೊಂದು ಕಾಣೆಯಾದ ವಿಮಾನ ಅಷ್ಟೆ. ತನಗಿಂತ ಬಹಳ ವೇಗದ ಸ್ಟಾರ್‌ಫೈಟರ್ ಒಂದನ್ನು ಅವರು ಸಾಯುವ ಮೊದಲು ಉರುಳಿಸಿದ್ದರು ಎಂಬುದು 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯ ಮಾಹಿತಿಯಿಂದ ಬರೆದ ಪುಸ್ತಕದ ಮೂಲಕ ಹೊರಬಿತ್ತು. 1988ರಲ್ಲಿ ಮಹಾವೀರ ಚಕ್ರ ಬಂತು. ನಷ್ಟದ ಪಟ್ಟಿಯ ಒಂದು ಸಾಲು ಸರಿಯಾಗಲು 23 ವರ್ಷ ಹಿಡಿಯಿತು, ಅದೂ ಎದುರು ಪಕ್ಷದ ದಾಖಲೆಯಿಂದ. ಆದ್ದರಿಂದ ಒಂದೇ ದೇಶದ ಪಟ್ಟಿ ಓದಿ ತೀರ್ಪು ಕೊಡಬೇಡಿ ಎಂದು ಹುಡುಗರಿಗೆ ಹೇಳುತ್ತಿರುತ್ತೇನೆ.

ತರಬೇತಿಯ ಕಡೆ ನಮ್ಮಲ್ಲಿ ಏನಾಯಿತು? ಹೊಸ ಪೈಲಟ್‌ಗಳನ್ನು ನಿಧಾನದ ವಿಮಾನದಿಂದ ಏಕಾಏಕಿ ಮಿಗ್‌ನಂಥ ವೇಗದ ಜೆಟ್‌ಗೆ ಹತ್ತಿಸುವುದು ಅಪಾಯ, ನಡುವೆ ಒಂದು ಮೆಟ್ಟಿಲು ಬೇಕು ಎಂಬ ಅಭಿಪ್ರಾಯ 1982ರ ಲಾ ಫಾಂಟೇನ್ ಸಮಿತಿಯದು. ಆ ಮೆಟ್ಟಿಲಾಗಿ ಹಾಕ್ ವಿಮಾನ ಕೊಳ್ಳುವ ಒಪ್ಪಂದ ಆದದ್ದು 2004ರಲ್ಲಿ, ಅದು ವಾಯುಪಡೆಗೆ ಸೇರಿದ್ದು 2008ರಲ್ಲಿ, ನಮ್ಮ ಬೀದರ್ ನೆಲೆಯಲ್ಲಿ. ಹಾಕ್‌ನಲ್ಲಿ ಶಿಷ್ಯನಿಗೂ ಗುರುವಿಗೂ ಇಜೆಕ್ಷನ್ ಸೀಟು ಇದೆ, ವಿಮಾನ ನೆಲದ ಮೇಲೆ ನಿಂತಿದ್ದರೂ ಹೊರಗೆ ಚಿಮ್ಮಿಸಿ ಪ್ಯಾರಾಶೂಟು ಬಿಚ್ಚಬಲ್ಲಂಥದ್ದು.

ಒಂದು ಎಂಜಿನ್ ನಿಂತರೆ ನಿಭಾಯಿಸುವ ಪಾಠ ವ್ಯರ್ಥವಾಗಲಿಲ್ಲ ಎಂಬುದನ್ನೂ ಹೇಳಬೇಕು. 1999ರ ಮೇ 21ರಂದು ಕಾರ್ಗಿಲ್ ಬೆಟ್ಟಗಳ ಫೋಟೊ ತೆಗೆಯಲು ಹೋದ 106ನೇ ಸ್ಕ್ವಾಡ್ರನ್ನಿನ ಪಿಆರ್57ರ ಒಂದು ಎಂಜಿನ್ನಿಗೆ ಭುಜದ ಮೇಲಿಟ್ಟು ಹಾರಿಸುವ ಕ್ಷಿಪಣಿ ಬಡಿಯಿತು. ಸ್ಕ್ವಾಡ್ರನ್ ಲೀಡರ್ ಎ. ಪೆರುಮಾಳ್ ಉಳಿದ ಒಂದು ಎಂಜಿನ್ನಿನಲ್ಲೇ ಅದನ್ನು ಶ್ರೀನಗರಕ್ಕೆ ತಂದು ಇಳಿಸಿದರು. ಅದು ಯಾವ ನಷ್ಟದ ಪಟ್ಟಿಗೂ ಸೇರಲಿಲ್ಲ. 2007ರ ಮೇ 11ರಂದು ಆಗ್ರಾದಲ್ಲಿ ಕ್ಯಾನ್‌ಬೆರಾಗಳನ್ನು ಸೇವೆಯಿಂದ ಬಿಡಿಸಿದರು.

ಮುಂದೆ ಯಾವುದಾದರೂ ಮ್ಯೂಸಿಯಮ್ಮಿನಲ್ಲೋ ಚೌಕದಲ್ಲೋ ನಿಲ್ಲಿಸಿದ ಕ್ಯಾನ್‌ಬೆರಾ ಕಂಡರೆ ಸೆಲ್ಫಿ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಆಮೇಲೆ ಮೂಗಿನ ಮುಂದೆ ಹೋಗಿ ನಿಂತು ಗಾಜಿನ ಗೂಡು ಎಡಕ್ಕೆ ಸರಿದಿದೆಯೋ ನಡುವಿನಲ್ಲಿದೆಯೋ ನೋಡಿ. ಎಡಕ್ಕಿದ್ದರೆ ಅದು 58ರ ಜಾತಿಯದು. ಆಗ ಬಲಬದಿಗೆ ಬಂದು ಬಾಗಿಲು ಹುಡುಕಿ, ದಪ್ಪ ಉಡುಪು, ಹೆಲ್ಮೆಟ್, ಪ್ಯಾರಾಶೂಟು ಎಲ್ಲ ಹೊತ್ತ ಆಳೊಬ್ಬ ಅದರಲ್ಲಿ ತೂರಲು ಎಷ್ಟು ಹೊತ್ತು ಬೇಕು ಎಂದು ಜೊತೆಗಿದ್ದವರನ್ನು ಕೇಳಿ. ಲೆಕ್ಕದ ಪುಸ್ತಕ ತೆರೆಯುವುದು ಅದಾದ ಮೇಲಿರಲಿ.